ಎರಡು ತಾಸು ಹದಿಮೂರು ನಿಮಿಷದ ಕಾಶಿ

ಎಪ್ಪತ್ತು ದಾಟಿದ ಪ್ರಭುಲಿಂಗಪ್ಪನವರು ಸೊಂಟ ಹಿಡಿದುಕೊಂಡು ಬಗ್ಗಿ, ಮಗನ ವಯಸ್ಸಿನ ಶಶಿಕಾಂತನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಮುಖ ತಿರುಗಿಸಿದೆ.

"ಬ್ಯಾಡ್ರಿ ಅಜ್ಜಾರ, ನೀವು ಹಿರ್ಯಾರು," ಎಂದು ಶಶಿಕಾಂತ ಕಾಲು ಹಿಂದಕ್ಕೆ ಎಳೆದುಕೊಂಡಂತೆ ಮಾಡಿದ. ಎಳೆದುಕೊಳ್ಳಲಿಲ್ಲ.

"ಸುಮ್ಮನಿರಪಾ. ಕಾಶ್ಯಾಗ ನಿಮ್ಮ ದೊಡ್ಡವ್ವಗ ಹೆಗಲ ಕೊಟ್ಟಾಂವ ನೀನು. ನಾ ಮುಟ್ಟಿದ್ದು ನಿನ್ನ ಪಾದ ಅಲ್ಲ, ವಿಶ್ವನಾಥನ ಪಾದ."

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಶಶಿಕಾಂತನ ದಲಾಲಿ ಅಂಗಡಿ. ಅದರ ಮುಂದೆ ಶಾಮಿಯಾನ ಹಾಕಿ ಅವನ ದೊಡ್ಡವ್ವ ಸುಶೀಲವ್ವನ ಗಣಾರಾಧನೆ, ಸತ್ತವರ ಹೆಸರಿನ ಊಟ, ನಡೆದಿತ್ತು. ಮುದುಕಿಯನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೊರಟವನು ನಾಲ್ಕನೆಯ ದಿನ ಒಬ್ಬನೇ ವಾಪಸು ಬಂದಿದ್ದ. ದರ್ಶನ ಮಾಡಿ, ಘಾಟಿನ ಮೆಟ್ಟಿಲ ಮೇಲೆ ಕೂತವಳು ಹಾಗೇ ಪ್ರಾಣ ಬಿಟ್ಟಳಂತೆ. ಅಲ್ಲೇ ಗಂಗಾಮಾತೆಗೆ ಅರ್ಪಿಸಿ ಬಂದನಂತೆ. ನಮ್ಮವರಲ್ಲಿ ಮಣ್ಣು ಮಾಡುವುದು ಪದ್ಧತಿ. ಆದರೆ ಅದನ್ನೂ ಯಾರೂ ಕೇಳಲಿಲ್ಲ. ಕಾಶಿ ಎಂಬ ಎರಡಕ್ಷರ ಕೇಳಿದೊಡನೆ ಇಡೀ ಬ್ಯಾಡಗಿ ಅಳುವುದನ್ನು ಬಿಟ್ಟು ಹೊಟ್ಟೆಕಿಚ್ಚು ಪಡತೊಡಗಿತ್ತು.

ನಾನು ಕೊಟ್ರೇಶ. ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ, ಬೀಜದ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಕಚೇರಿ. ಪತ್ತೇದಾರ ಎಂದು ಬೋರ್ಡಿನಲ್ಲಿ ಬರೆಸಿದ್ದರೂ ನಾನು ಮಾಡುವುದು ಮದುವೆ ವಿಚಾರಣೆ. ವರ ಕುಡಿಯುತ್ತಾನೆಯೇ, ವಧುವಿಗೆ ಮೊದಲೇ ಯಾರಾದರೂ ಇದ್ದರೇ, ಮನೆತನದಲ್ಲಿ ಹುಚ್ಚು, ತೊನ್ನು, ಪೊಲೀಸ್ ಕೇಸು ಇದೆಯೇ. ಹದಿನಾರು ವರ್ಷ ಊರವರ ಮೈಲಿಗೆ ಬಟ್ಟೆ ಮೂಸಿ ನೋಡಿ ಮೂಗೇ ಕೆಟ್ಟುಹೋಗಿದೆ. ಹೋದ ವಾರ ಸುಶೀಲವ್ವನ ಒಬ್ಬಳೇ ಮಗಳು, ನಮ್ಮೂರಿಗೇ ಕೊಟ್ಟ ಭುವನಾ, ಬಂದು "ನಮ್ಮವ್ವ ಸತ್ತಿಲ್ರಿ. ಸತ್ತಿದ್ರ ಒಂದ ಕಾಗದ ಇರಬೇಕಲ್ಲ? ನಮ್ಮವ್ವನ್ನ ಹುಡುಕಿ ಕೊಡ್ರಿ," ಎಂದು ನನ್ನ ಮೇಜಿನ ಮುಂದೆ ಅತ್ತಿದ್ದಳು. ಅದಕ್ಕಾಗಿ ನಾನು ಇಲ್ಲಿ, ಗುರುತಿಲ್ಲದವರ ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದೆ.

ಭುವನಾ ಒಳಗೆ ಹೆಂಗಸರ ನಡುವೆ ಕೂತಿದ್ದಳು. ತುತ್ತು ಮುಟ್ಟಿರಲಿಲ್ಲ. "ಅವ್ವ ಇದ್ದಾಳಂತ ನಂಬಿದಾಕಿ ಅವ್ವನ ಆರಾಧನಿ ಊಟ ಹೆಂಗ ಉಣ್ಲಿ?" ಎಂದು ಬೆಳಿಗ್ಗೆಯೇ ನನಗೆ ಹೇಳಿದ್ದಳು. ಅಷ್ಟು ಜನರಲ್ಲಿ ಮನುಷ್ಯಳಂತೆ ಕಂಡವಳು ಅವಳೊಬ್ಬಳೇ.

ಹೆಂಗಸರ ಕಡೆಯಿಂದ ಜಯವ್ವ ಎಂಬ ಮುದುಕಿ ಕೂಗಿ ಕೇಳಿದಳು. "ಶಶಿ, ಕಾಶಿಗೆ ಹ್ವಾದಾವ್ರು ಏನರ ಒಂದ ಬಿಟ್ಟು ಬರಬೇಕಲ್ಲಪಾ. ಹಣ್ಣು ಬಿಟ್ಯೋ, ಕಾಯಿಪಲ್ಲೆ ಬಿಟ್ಯೋ?"

ಇದು ನಮ್ಮ ಕಡೆ ಕಾಶಿಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವ ಪ್ರಶ್ನೆ. ಪ್ರೀತಿಯ ತಿನಿಸೊಂದನ್ನು ಅಲ್ಲಿ ಬಿಟ್ಟು ಬಂದರೆ ಮತ್ತೆ ಮುಟ್ಟುವಂತಿಲ್ಲ. ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ.

ಶಶಿಕಾಂತ ಕೈಯಲ್ಲಿದ್ದ ತುಪ್ಪದ ಗಿಂಡಿ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ. "ಎಲ್ಲಾರೂ ಹಣ್ಣು ಬಿಟ್ಟು ಬರ್ತಾರವ್ವಾ. ನಾ ನಮ್ಮ ದೊಡ್ಡವ್ವನ್ನ ಬಿಟ್ಟು ಬಂದೆ."

ಪಂಕ್ತಿಗೆ ಪಂಕ್ತಿಯೇ ಹೋ ಎಂದಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಈ ಮಾತನ್ನು ಅವನು ಎಷ್ಟು ಸಲ ಕನ್ನಡಿ ಮುಂದೆ ಹೇಳಿ ನೋಡಿರಬೇಕು ಎನ್ನಿಸಿ ಎಲೆ ಮಡಚಿಟ್ಟೆ.

"ವಿಮಾನ ಎಷ್ಟ ಹೊತ್ತ ತಗೋತದೋ?" ನನ್ನ ಪಕ್ಕದವರು ಕೇಳಿದರು.

"ಹುಬ್ಬಳ್ಳಿಯಿಂದ ಸಾವಿರದಾ ಮುನ್ನೂರಾ ಎಪ್ಪತ್ತೇಳು ಕಿಲೋಮೀಟರ್ರಿ. ಎರಡು ತಾಸು ಹದಿಮೂರು ನಿಮಿಷ. ಸೀದಾ ಕಾಶಿ."

"ಫೋಟೋ ತೋರಿಸಪಾ."

"ವಿಮಾನದಾಗ ಫೋಟೋ ತಗಿಯಾಕ ಬಿಡೂದಿಲ್ರಿ."

ಮದುವೆ ವಿಚಾರಣೆಯ ಕೃಪೆಯಿಂದ ದುಬೈ ವರಗಳು, ಕತಾರ್ ವರಗಳು, ಹಾಗೆಂದು ಸುಳ್ಳು ಹೇಳಿದ ಹುಬ್ಬಳ್ಳಿಯ ವರಗಳು, ಎಲ್ಲರ ಜೊತೆಯೂ ಮಾತಾಡಿದ್ದೇನೆ. ಮೊದಲ ಸಲ ವಿಮಾನ ಹತ್ತಿದವನು ಕಿಲೋಮೀಟರ್ ಹೇಳುವುದಿಲ್ಲ. ಕಿವಿ ಕಟ್ಟಿದ್ದು ಹೇಳುತ್ತಾನೆ. ಸೊಂಟದ ಬೆಲ್ಟು ಬಿಚ್ಚಿಸಿದ್ದು ಹೇಳುತ್ತಾನೆ. ಒಂದು ಕಪ್ ಚಹಾಕ್ಕೆ ಕೇಳಿದ ರೇಟು ಹೇಳಿ ಇಡೀ ವಿಮಾನ ನಿಲ್ದಾಣಕ್ಕೇ ಬೈಯುತ್ತಾನೆ. ಫೋಟೋ ಅಂತೂ ರೆಕ್ಕೆಯದು, ಮೋಡದ್ದು, ತನ್ನದೇ ಮೂತಿಯದ್ದು ಹತ್ತಿಪ್ಪತ್ತು ಇರಲೇಬೇಕು. ಹದಿಮೂರು ನಿಮಿಷ ಎಂದು ಬಿಡಿಬಿಡಿಯಾಗಿ ಲೆಕ್ಕ ಹೇಳುವವನು ಹತ್ತಿದವನಲ್ಲ, ಓದಿದವನು.

ಕೈ ತೊಳೆಯುವ ನೆಪದಲ್ಲಿ ಎದ್ದು ಶಾಮಿಯಾನದ ಹಿಂದೆ ಹೋಗಿ ಫೋನ್ ತೆಗೆದೆ. ಹುಬ್ಬಳ್ಳಿಯಿಂದ ವಾರಣಾಸಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದೆ. ಯಾವುದೋ ಒಂದು ಪುಟ ತೆರೆಯಿತು. ಎರಡು ಊರ ಹೆಸರು ಕೊಟ್ಟರೆ ನಡುವಿನ ಅಂತರ ಹೇಳುವ ಪುಟ. ಸಾವಿರದ ಮುನ್ನೂರ ಎಪ್ಪತ್ತೇಳು. ಎರಡು ಗಂಟೆ ಹದಿಮೂರು ನಿಮಿಷ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಇನ್ನೂ ಏನೋ ಇತ್ತು. ಇದು ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದ ದೂರ, ಹಾರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿದ ಅಂದಾಜು, ಆ ದಾರಿಯಲ್ಲಿ ವಿಮಾನ ಇದೆಯೆಂದು ಅರ್ಥವಲ್ಲ ಎಂದು.

ಖಾತ್ರಿಗಾಗಿ ಬ್ಯಾಡಗಿ, ರಾಣೆಬೆನ್ನೂರು ಎಂದು ಒತ್ತಿದೆ. ವಿಮಾನದಲ್ಲಿ ಮೂವತ್ತೊಂದು ನಿಮಿಷ ಎಂದಿತು! ನಮ್ಮ ಕೆಂಪು ಬಸ್ಸೂ ಸುಮಾರು ಅಷ್ಟೇ ಹೊತ್ತಿಗೆ ತಲುಪಿಸುತ್ತದೆ, ನಡುವೆ ಕಂಡಕ್ಟರ್ ಚಹಾ ಕುಡಿದರೂ.

ಹುಬ್ಬಳ್ಳಿಯ ನಿಲ್ದಾಣದಲ್ಲಿ ಗುರುತಿನವನೊಬ್ಬನಿದ್ದ. ಅವನಿಗೆ ಫೋನ್ ಮಾಡಿದೆ. "ಸೀದಾ ಕಾಶಿಗಾ?" ಎಂದು ಅವನು ನಕ್ಕ. "ಇಲ್ಲಿಂದ ಸೀದಾ ವಿಮಾನ ಇಲ್ಲಣ್ಣ. ಎಲ್ಲ್ಯಾರ ಇಳದು ಬ್ಯಾರೇದು ಹತ್ತಬೇಕು. ಮುಂಜಾನಿ ಬಿಟ್ರ ಸಂಜಿ ಆಕ್ಕೈತಿ."

ಗೆರೆ ಎಳೆದ ವಿಮಾನದಲ್ಲಿ ಕಾಶಿಗೆ ಹೋದ ಮುದುಕಿ. ಹೋಗದ ಕಾಶಿಯಲ್ಲಿ ಸತ್ತ ಮುದುಕಿ. ಅವಳ ಹೆಸರಿನಲ್ಲಿ ಹೊರಗೆ ಎರಡನೆಯ ಪಂಕ್ತಿ ಕೂತಿತ್ತು. ಶಶಿಕಾಂತನ ಹೆಂಡತಿ ಸುರೇಖಾ, ಬಂದವರ ಕೈಗೆಲ್ಲ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಗಳನ್ನು ಕೊಡುತ್ತಿದ್ದಳು. ಗಂಗಾಜಲ! ಮನೆಯಲ್ಲಿ ಸಾಯುವವರ ಬಾಯಿಗೆ ಹನಿಸಲು ಜನ ಅದನ್ನು ದೇವರ ಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆ. ನನ್ನ ಕೈಗೂ ಒಂದು ಬಂತು. ಅದನ್ನು ಹಿಡಿದ ಕೈಯನ್ನೇ ತೊಳೆಯಬೇಕೆನ್ನಿಸಿತು.

ಒಂದು ವಿಷಯ ಮಾತ್ರ ಹೊಂದುತ್ತಿರಲಿಲ್ಲ. ಸುಶೀಲವ್ವನಿಗೆ ಹೆದ್ದಾರಿಗೆ ಹತ್ತಿದ ಹೊಲವಿತ್ತು, ಸೈಟು ಮಾಡುವವರು ಅದರ ಮೇಲೆ ಕಣ್ಣಿಟ್ಟಿದ್ದರು. ಆದರೆ ಶಶಿಕಾಂತ ಅದರ ಒಂದು ಕಾಗದವನ್ನೂ ಮುಟ್ಟಿರಲಿಲ್ಲ. ತಾಲೂಕು ಕಚೇರಿಯಲ್ಲಿ ವಿಚಾರಿಸಿದ್ದೆ. ಆರಾಧನೆಯ ಖರ್ಚೂ ಅವನ ಕೈಯಿಂದಲೇ. ಲಾಭವಿಲ್ಲದೆ ಯಾರೂ ಕೊಲ್ಲುವುದಿಲ್ಲ. ಅಲ್ಲಿ ನಾನು ನಿಲ್ಲಬೇಕಿತ್ತು. ಆದರೆ ಅವನ ಮುಖ ಕಂಡರೆ ಉಗಿಯುವಷ್ಟು ಹೇಸಿಗೆಯಾಗಿತ್ತು, ಹೇಸಿಗೆಯಾದಾಗ ನನಗೆ ತಲೆ ಓಡುವುದಿಲ್ಲ.

ಭುವನಾಳನ್ನು ಬದಿಗೆ ಕರೆದೆ.

"ಅಕ್ಕಾರ, ನೀವು ಗೋದಾಮಿಗೆ ಹೋಗಿ ಚೀಲದ ಹಿಂದ ಕುಂದ್ರಿ. ನಾ ಅವನ ಬಾಯಿ ಬಿಡಸ್ತೇನಿ. ನಿಮ್ಮ ಕಿವಿಲೇ ಕೇಳ್ರಿ. ನಾಳೆ ನಾ ಹೇಳಿಲ್ಲ ಅಂತ ಅವ ಅಂದ್ರ ಸಾಕ್ಷಿ ಬೇಕಲ್ಲ."

"ಅವ್ವ ಎಲ್ಲಿ ಅದಾಳ ಅಂತ ಹೇಳ್ತಾನೇನ್ರಿ?" ಅವಳ ಕಣ್ಣು ತುಂಬಿತ್ತು.

"ಹೇಳದಽ ಎಲ್ಲಿ ಹೊಕ್ಕಾನ."

ಅಂಗಡಿಯ ಹಿಂದಿನ ಗೋದಾಮು ಸೂರಿನವರೆಗೂ ಮೆಣಸಿನಕಾಯಿ ಚೀಲ ಒಟ್ಟಿಕೊಂಡು ಕೆಂಪಗೆ ಕತ್ತಲಾಗಿತ್ತು. ಒಳಗೆ ಕಾಲಿಟ್ಟೊಡನೆ ಘಾಟು ಮೂಗಿಗೆ ಹೊಡೆದು ನಾನು ನಾಲ್ಕು ಸಲ ಸೀನಿದೆ. ಭುವನಾ ಅಲ್ಲೇ ಹುಟ್ಟಿ ಬೆಳೆದವಳು. ಚೀಲಗಳ ಹಿಂದಿನಿಂದ ಒಂದು ಉಸಿರಿನ ಸದ್ದೂ ಬರಲಿಲ್ಲ.

ಶಶಿಕಾಂತ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ. "ಏನೋ ಮಾತಾಡೂದೈತಿ ಅಂದ್ರಂತ. ಯಾರ್ರಿ ತಾವು?"

"ನಮ್ಮವ್ವಗ ಕಾಶಿ ತೋರಸಬೇಕಂತ ಆಸೆ. ನಿಮ್ಮ ವಿಮಾನದ ಹೆಸರ ಹೇಳ್ರಿ."

"ಹೆಸರು... ಮರ್ತೀನ್ರಿ."

"ಎಲ್ಲೆ ಇಳದು ಹತ್ತಿದ್ರಿ?"

"ಎಲ್ಲೂ ಇಲ್ರಿ. ಸೀದಾ..."

"ಎರಡು ತಾಸು ಹದಿಮೂರು ನಿಮಿಷ," ಎಂದು ನಾನೇ ಮುಗಿಸಿದೆ. ಫೋನನ್ನು ಅವನ ಮೂಗಿನ ಕೆಳಗೆ ಹಿಡಿದೆ. "ನೋಡು. ಇದರಾಗೂ ಅಷ್ಟಽ ಐತಿ. ಇಲ್ಲಿಂದ ರಾಣೆಬೆನ್ನೂರಿಗೆ ಮೂವತ್ತೊಂದು ನಿಮಿಷ ಅಂತ. ಬ್ಯಾಡಗ್ಯಾಗ ವಿಮಾನ ಎಲ್ಲಿ ಇಳಿತೈತಪಾ, ಮೆಣಸಿನಕಾಯಿ ಕಣದಾಗೇನು?"

ಅವನು ಫೋನು ನೋಡಲಿಲ್ಲ. ಬಾಗಿಲ ಕಡೆ ನೋಡಿದ.

"ಹುಬ್ಬಳ್ಳ್ಯಾಗ ಕೇಳೇನಿ. ಆ ದಾರ್ಯಾಗ ವಿಮಾನಽ ಇಲ್ಲ. ನೀ ಕಾಶಿಗೆ ಹೋಗಿಲ್ಲ. ಸುಶೀಲವ್ವನೂ ಹೋಗಿಲ್ಲ. ಹೊರಗ ನಿನ್ನ ಕಾಲಿಗೆ ಬಿದ್ದು ಅಳಾಕತ್ತಾರಲ್ಲ, ಅವ್ರನ್ನ ಇಲ್ಲಿಗೇ ಕರೀಲೇನು?"

"ಯಾರ ನೀವು? ಪೊಲೀಸರಾ?"

"ಭುವನಾ ಕಳಿಸಿದಾಂವ. ಕೊಟ್ರೇಶ."

ಅವನ ಮುಖದಿಂದ ರಕ್ತ ಇಳಿದುಹೋಯಿತು. ಪೊಲೀಸ್ ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ. ಒಂದು ಚೀಲದ ಮೇಲೆ ಕುಸಿದು ಕೂತ.

"ಮುದುಕೀನ ಏನ ಮಾಡೀದಿ?" ನನಗೆ ಸಿಟ್ಟು ನೆತ್ತಿಗೇರಿತ್ತು. "ಎಲ್ಲಿ ಹುಗದೀದಿ? ಆಕಿ ಹೆಸರಿನ ಮ್ಯಾಲೆ ಹೋಳಿಗಿ ತಿನಸ್ತೀ, ನಲ್ಲಿ ನೀರು ತುಂಬಿ ಗಂಗಾಜಲ ಅಂತ ಹಂಚ್ತೀ. ಥೂ! ನಿನಗ ಉಂಡ ಅನ್ನ ಹೆಂಗ ಕರಗತೈತಿ?"

"ನಲ್ಲಿ ನೀರಲ್ರಿ," ಎಂದ ಅವನು, ತಲೆ ತಗ್ಗಿಸಿಕೊಂಡೇ. "ಐರಣಿ ಹೊಳಿ ನೀರು, ಅದೂ ತುಂಗಾನಽ. ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ರಿ. ಸಾಯಾವ್ರ ಬಾಯಾಗ ಹೊಲಸ ನೀರ ಹಾಕಬಾರದು ಅಂತ ದೊಡ್ಡವ್ವನಽ ಹೇಳಿದ್ಲು."

"ಯಾವಾಗ ಹೇಳಿದ್ಲು?"

"ಹೋದ ವಾರ."

ಆರಾಧನೆ ಆಗುತ್ತಿರುವ ಹೆಂಗಸು ಹೋದ ವಾರ ಮಾತಾಡಿದ್ದಾಳೆ. ನಾನು ಸೀನುವುದನ್ನೂ ಮರೆತೆ.

"ದೊಡ್ಡವ್ವ ಸತ್ತಿಲ್ರಿ," ಎಂದ ಶಶಿಕಾಂತ. ಅವನ ದನಿ ಅಷ್ಟು ಹೊತ್ತು ಹೊರಗೆ ಕೇಳಿದ್ದ ದನಿಯಾಗಿರಲಿಲ್ಲ. "ಆರಾಮ ಅದಾಳ. ನನ್ನ ಸಾಯಿಸಿಬಿಡೋ ಶಶಿ ಅಂತ ಆಕಿನಽ ಕೈ ಮುಗದ್ಲು."

"ಕಥಿ ಕಟ್ಟಬ್ಯಾಡ."

"ಕಾಶಿ ಕಥಿ ಕಟ್ಟಿದ್ದೂ ಆಕಿನಽ. ವಿಮಾನದ್ದು ಮಾತ್ರ ನಂದು. ನಾ ಗುಂಟೂರ ಪ್ಯಾಟಿಗೆ ಲಾರ್ಯಾಗ ಹೋಗಿ ಬಂದಾಂವ, ವಿಮಾನ ಮ್ಯಾಲೆ ಹಾರೂದು ನೋಡೀನಿ ಅಷ್ಟ. ಯಾರರ ಎಷ್ಟ ಹೊತ್ತ ಆತು ಅಂತ ಕೇಳಿದ್ರ ಬಾಯಿ ಬಾಯಿ ಬಿಡಬಾರದಂತ ಫೋನಿನ್ಯಾಗ ನೋಡಿ ಬಾಯಿಪಾಠ ಮಾಡಿದ್ದೆ."

"ಬದುಕಿದ್ದಾಕಿ ಯಾಕ ಸಾಯಬೇಕು?"

ಅವನು ಎದ್ದು ಬಾಗಿಲಿನ ಅಗಳಿ ಹಾಕಿ ಬಂದ. ದನಿ ತಗ್ಗಿಸಿದ. "ಶ್ರಾವಣದಾಗ ಮಗಳು ಬಂದಿದ್ಲು. ಅವ್ವಗಂತ ಶೇಂಗಾ ಹೋಳಿಗಿ ಮಾಡಿಕೊಂಡು. ದೊಡ್ಡವ್ವಗ ಸಕ್ಕರಿ ಬ್ಯಾನಿ ಐತ್ರಿ. ಮಗಳ ಮನಸ ನೋಯಿಸಬಾರದಂತ ತಿಂತೇನಿ ಅಂದು ಇಸಗೊಂಡ್ಲು. ಆಕಿ ಹ್ವಾದ ಮ್ಯಾಲೆ ಆಕಳ ಕರಕ್ಕ ಹಾಕಿದ್ಲು."

"ಹೂಂ."

"ಸಂಜಿಗೆ ಕರದ ಬಾಯಾಗ ಬುರುಗ ಬಂತು. ಕಾಲ ಬಡದು ಬಡದು ಸತ್ತು ಹೋತು. ಅದರ ಬಾಯಿ ಒರಿಸಿದ್ದು ನಾನಽ. ಆ ವಾಸನಿ ಇನ್ನೂ ಕೈಯಿಂದ ಹೋಗವಲ್ದು." ಅವನು ಅಂಗೈಯನ್ನು ಟವೆಲ್ಲಿಗೆ ಉಜ್ಜಿದ. "ಹದಿನೈದ ದಿನಕ್ಕ ಮತ್ತ ಬಂದ್ಲು. ಸಕ್ಕರಿ ಇಲ್ಲದ್ದು ಮಾಡೇನಿ ಅವ್ವಾ, ನನ್ನ ಕಣ್ಮುಂದಽ ತಿನ್ನು ಅಂದ್ಲು."

ನಾನು ಫೋನು ಕಿಸೆಗೆ ಹಾಕಿದೆ.

"ಅದು ಹೆಂಗ ತಪ್ಪಿತು?"

"ದೊಡ್ಡವ್ವ ಪೂಜಿ ಆಗಿಲ್ಲ ಅಂದು ಎದ್ದು ಒಳಗ ಹೋದ್ಲು. ನಾ ಮನಿಗೆ ಬರೂದಕ್ಕೂ, ಭುವನಾ ಡಬ್ಬಿ ಮುಚ್ಚಿಕೊಂಡು ಹ್ವಾರಗ ಹೋಗೂದಕ್ಕೂ ಸರಿ ಆತು. ಅವ್ವಗ ಹೊಲ ಮಾರೂದು ಬ್ಯಾಡ. ಅವ್ವ ಹೋದ್ರ ಹೊಲ ಮಗಳದು. ಗಂಡ ಚನ್ನೇಶ ರಾಣೆಬೆನ್ನೂರಾಗ ಸೈಟ ಮಾಡಾವ್ರ ಕೂಡ ಮಾತಾಡಿ ಮುಂಗಡಾ ಸೈತ ಇಸಗೊಂಡಾನ."

"ಪೊಲೀಸರಿಗೆ ಹೇಳಬೇಕಿತ್ತು."

"ನಾನೂ ಅದನಽ ಅಂದೆ. ಹೊಟ್ಟ್ಯಾಗ ಹುಟ್ಟಿದಾಕಿ ಮ್ಯಾಲೆ ಹೆಂಗ ಫಿರ್ಯಾದಿ ಕೊಡ್ಲೋ, ಮೊಮ್ಮಗಳು ಪ್ರಿಯಾಂಕಾಗ ಗಂಡು ಗೊತ್ತಾಗೇತಿ ಅಂದ್ಲು. ಅವ್ವಗ ಇಷಾ ಹಾಕಿದಾಕಿ ಮಗಳನ್ನ ಯಾರ ಮಾಡಿಕೊಂತಾರ? ಲಗ್ನದ ಮುಂದ ಯಾರೋ ವಿಚಾರಣಿ ಮಾಡ್ತಾರಂತಲ್ರಿ. ಅವ್ರು ಎಲ್ಲಾ ಕೆದರಿ ತಗೀತಾರಂತ."

ಆ ಯಾರೋ ನಾನೇ. ಅಂಥ ಹತ್ತಾರು ವರದಿ ಬರೆದು, ಅಂಥ ಹತ್ತಾರು ಮದುವೆ ಮುರಿದು ಬಾಡಿಗೆ ಕಟ್ಟಿದ್ದೇನೆ. ನನ್ನಂಥವನ ಭಯಕ್ಕೆ ಒಬ್ಬ ತಾಯಿ ಜೀವಂತ ಸತ್ತಿದ್ದಾಳೆ. ಅಲ್ಲಿಯವರೆಗೆ ಶಶಿಕಾಂತನ ಮೇಲಿದ್ದ ಹೇಸಿಗೆ ತಿರುಗಿ ನನ್ನ ಮೇಲೆಯೇ ಬಂದು ಕೂತಿತು.

"ಪ್ರಿಯಾಂಕಾನ ಲಗ್ನ ಆಗೂತನಕ ಅಷ್ಟಽ," ಎಂದ ಅವನು. "ಆಮ್ಯಾಲೆ ಬರ್ತಾಳ. ದವಾಖಾನ್ಯಾಗ ಸತ್ರ ಕಾಗದ ಕೇಳ್ತಾರ, ಮನ್ಯಾಗ ಸತ್ರ ಹೆಣಾ ಕೇಳ್ತಾರ, ಕಾಶ್ಯಾಗ ಸತ್ರ ಕೈ ಮುಗೀತಾರ ಅಂದ್ಲು. ಆಕಿ ಹೇಳಿದ್ದು ಖರೇ ಆತು. ಒಬ್ಬಾಕಿನಽ ಕಾಗದ ಕೇಳಾಕತ್ತಿದ್ದು. ಕಾಗದ ಇಲ್ಲದಽ ಹೊಲ ಆಕಿ ಹೆಸರಿಗೆ ಆಗೂದಿಲ್ಲಲ್ಲ. ಅದಕ್ಕಽ ನಿಮ್ಮನ್ನ ಹಿಡದಾಳ."

"ಇದನ್ನೆಲ್ಲಾ ನಾ ಹೆಂಗ ನಂಬಲಿ?"

"ಬರ್ರಿ, ತೋರಸ್ತೇನಿ. ಐರಣ್ಯಾಗ ಅದಾಳ. ಕುಲ್ಸುಮಬಿ ಅಂತ, ಸಣ್ಣಾಕಿದ್ದಾಗಿಂದ ದೊಡ್ಡವ್ವನ ಗೆಳತಿ. ಅವರ ಮನ್ಯಾಗ. ಮಸೂತಿ ಹಿಂದ, ಹೊಳಿ ಕಡೆ ಮುಖ ಮಾಡಿದ ಮನಿ." ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಕಾಲಿಗೆ ಬೀಳ್ತೇನಿ ಅಣ್ಣಾರ. ಭುವನಾಗ ಮಾತ್ರ ಗೊತ್ತಾಗಬಾರದು."

ನಾನು ಕತ್ತು ತಿರುಗಿಸಿ ಚೀಲಗಳ ಕಡೆ ನೋಡಿದೆ. ಅವನೂ ನೋಡಿದ.

"ಅಕ್ಕಾರ," ಎಂದೆ. "ಹೊರಗ ಬರ್ರಿ. ಇವ ಹೇಳಿದ್ದು ಖರೇನೋ ಸುಳ್ಳೋ, ನೀವಽ ಹೇಳ್ರಿ."

ಯಾರೂ ಬರಲಿಲ್ಲ.

ಚೀಲಗಳ ಹಿಂದೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಲಾರಿಗೆ ಮಾಲು ತುಂಬುವ ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದಿತ್ತು.

"ಆಕೀನ ಇಲ್ಲಿ ಕುಂದ್ರಿಸಿದ್ರ್ಯಾ?" ಶಶಿಕಾಂತನ ದನಿ ಒಡೆದಿತ್ತು. "ಆಕೀನ?"

ಹೊರಗೆ ಓಡಿದೆವು. ಸುರೇಖಾ ಖಾಲಿ ಬುಟ್ಟಿ ಹಿಡಿದು ಎದುರಾದಳು.

"ಭುವನಕ್ಕ ಎಲ್ಲಿ?"

"ಈಗ ಕಾರ ಹತ್ತಿ ಹೋದ್ಲಲ್ರಿ. ಉಣ್ಣು ಅಂದ್ರೂ ಕೇಳ್ಲಿಲ್ಲ. ಫೋನಿನ್ಯಾಗ ಗಂಡಗ ದಾರಿ ಹೇಳಾಕತ್ತಿದ್ಲು, ಮಸೂತಿ ಹಿಂದ, ಹೊಳಿ ಕಡೆ ಮುಖಾ ಅಂತ. ಯಾರ ಮನಿರೀ ಅದು?"

ಸತ್ತಳೆಂದುಕೊಂಡ ತಾಯಿ ಬದುಕಿದ್ದಾಳೆ ಎಂದು ಕೇಳಿದ ಮಗಳು ಓಡಿ ಬಂದು ಎಲ್ಲಿ, ಹೇಗಿದ್ದಾಳೆ, ಉಂಡಳೇ 
ಎಂದು ಕೇಳಬೇಕು. ಇಲ್ಲದ ಅಪವಾದ ಹೊರಿಸಿದ ತಮ್ಮನ ಕೆನ್ನೆಗೆ ಬಾರಿಸಬೇಕು. ಇವಳು ಹಿಂಬಾಗಿಲಿನಿಂದ ಹೋಗಿ ಗಂಡನಿಗೆ ದಾರಿ ಹೇಳಿದ್ದಳು. ನನಗೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

ಶಶಿಕಾಂತನ ಜೀಪು ಹತ್ತಿದೆವು. ಶಾಮಿಯಾನದ ಜನ ಎದ್ದು ನಿಂತು ನೋಡಿದರು. "ಎಲ್ಲಿ ಹೊಂಟ್ಯೋ, ಮೂರನೇ ಪಂಕ್ತಿ ಕುಂದ್ರೂದೈತಿ!" ಎಂದು ಪ್ರಭುಲಿಂಗಪ್ಪನವರು ಕೂಗಿದರು.

"ಫೋನ ಹಚ್ಚರಿ," ಎಂದು ಶಶಿಕಾಂತ ತನ್ನ ಫೋನನ್ನು ನನ್ನ ತೊಡೆಯ ಮೇಲೆ ಎಸೆದ. "ಕುಲ್ಸುಮಬಿ ಅಂತ ಐತಿ. ಬಾಗಲಾ ಹಾಕ್ಕೊಳ್ಳಾಕ ಹೇಳ್ರಿ. ಯಾರ ಬಂದ್ರೂ ತಗೀಬ್ಯಾಡ ಅನ್ರಿ."

ಹಚ್ಚಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದೆ. ಮತ್ತೆ ಅದೇ. ಹೊಳೆ ದಂಡೆಯ ಮನೆ, ಒಳಗಿದ್ದರೆ ಸಿಗ್ನಲ್ ಸಿಗುವುದಿಲ್ಲ ಎಂದ ಶಶಿಕಾಂತ. ಪೊಲೀಸ್ ಠಾಣೆಗೆ ಹಚ್ಚಿದೆ. ಸತ್ತವಳನ್ನು ಕೊಲ್ಲಲು ಹೋಗುತ್ತಿದ್ದಾರೆ ಎಂಬುದನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಮೋಟೆಬೆನ್ನೂರು ದಾಟಿತು. ನೋಡೋಣ, ಯಾರನ್ನಾದರೂ ಕಳಿಸುತ್ತೇವೆ ಎಂದರು.

ಚನ್ನೇಶ ಇರುವುದು ರಾಣೆಬೆನ್ನೂರಿನಲ್ಲಿ, ಐರಣಿ ಅಲ್ಲಿಂದ ಮುಂದೆ. ನಾವಿನ್ನೂ ಬ್ಯಾಡಗಿಯ ಕಡೆಯೇ ಇದ್ದೆವು. ನಾವು ಅವನ ಊರು ಮುಟ್ಟುವ ಹೊತ್ತಿಗೆ ಅವನು ಐರಣಿ ಮುಟ್ಟಿರುತ್ತಾನೆ. ಈ ಲೆಕ್ಕಕ್ಕೆ ಯಾವ ಪುಟವೂ ಬೇಕಿರಲಿಲ್ಲ.

"ಆಕಿ ಅತ್ಲು ಅಂತ ನಂಬಿದ್ರಿ," ಎಂದ ಶಶಿಕಾಂತ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೌದು."

"ನಾ ನಾಟಕ ಮಾಡಿದೆ, ನನ್ನ ಹಿಡದ್ರಿ. ಆಕೀದು ನಾಟಕ ಅನಸ್ಲಿಲ್ಲೇನು?"

ನಾಟಕ ಚೆನ್ನಾಗಿ ಬಾರದವನನ್ನು ಹಿಡಿದು, ಚೆನ್ನಾಗಿ ಬಂದವಳ ಕೂಲಿಗೆ ನಿಂತಿದ್ದೆ. ಜೀಪಿನ ಕಿಟಕಿಯಿಂದ ಹೊರಗೆ ಉಗಿದೆ. ಬಾಯಿಯ ಕಹಿ ಹೋಗಲಿಲ್ಲ.

ರಾಣೆಬೆನ್ನೂರಿನ ಪೇಟೆಯಲ್ಲಿ ದಾರಿಗೆ ಅಡ್ಡ ನಿಂತವರಿಗೆಲ್ಲ ಬೈದುಕೊಂಡು ದಾಟಿ ಐರಣಿಯ ದಾರಿ ಹಿಡಿದೆವು. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಹಚ್ಚಿದಾಗ ಫೋನು ಗುಂಯ್ ಎಂದಿತು. ಯಾರೋ ಎತ್ತಿದರು.

"ಹಲೋ? ಶಶಿಕಾಂತಾ?" ವಯಸ್ಸಾದ ಹೆಂಗಸಿನ ದನಿ, ನಿರಾಳವಾಗಿತ್ತು. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ಶಶಿಕಾಂತ ಗಾಡಿ ಹೊಡಿಯಾಕತ್ತಾನ್ರಿ. ಅವನ ಕಡಿಯಾಂವ ಮಾತಾಡಾಕತ್ತೇನಿ. ಸುಶೀಲವ್ವಾರು ಅದಾರಾ? ಬಾಗಲಾ ಹಾಕ್ಕೊಂಡು ಒಳಗ ಇರ್ರಿ, ಯಾರ ಬಂದ್ರೂ..."

"ಅಯ್ಯ, ಈಗ ಹ್ವಾದ್ಲಲ್ಲಪಾ," ಎಂದಳು ಕುಲ್ಸುಮಬಿ. "ನೀವು ಕಳಿಸಿದ ಗಾಡಿ ಬಂತು. ಮಗಳಿಗೆ ಗೊತ್ತಾಗೇತಿ, ಇನ್ನ ಇಲ್ಲಿರೂದು ಬ್ಯಾಡ, ಬ್ಯಾರೆ ಕಡೆ ಇಡ್ತೇವಿ ಅಂದ್ರು. ಆಕಿ ಪಾಪ ಉಟ್ಟ ಸೀರಿ ಮ್ಯಾಲೆ ಹತ್ತಿದ್ಲು."

ಶಶಿಕಾಂತ ನನ್ನ ಮುಖ ನೋಡಿ ಜೀಪು ನಿಲ್ಲಿಸಿದ.

"ಯಾರ ಬಂದಿದ್ರು? ಗುರುತಿನವ್ರಾ?"

"ಗುರುತು ಎಲ್ಲಿಂದ್ಲಪಾ. ಸುಶೀಲಾಗೂ ಗುರುತಿಲ್ಲ. ಹಂಗಂತ ಸುಮ್ಮನ ಕಳಸ್ತೇನೇನು? ಹೆಸರ ಹೇಳಿದ್ರಷ್ಟಽ ಕಳಸ್ತೇನಿ ಅಂದೆ. ಹೇಳಿದ್ರು. ಶಶಿಕಾಂತ ಕಳಿಸಿದಾಂವ, ರಾಣೆಬೆನ್ನೂರಾಗ ವಿಚಾರಣಿ ಮಾಡೂ ಕೊಟ್ರೇಶ ಅಂತ." ಹಿಂದೆ ಕೋಳಿ ಮತ್ತೆ ಕೂಗಿತು. "ನೀ ಯಾರಪಾ ಮಾತಾಡಾಕತ್ತೀದಿ?"